ಮುಚ್ಚಳದೊಳಗಿನ ಚುಕ್ಕೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ಗಡಿಯಾರ ರಿಪೇರಿಗಾರರ ಸಂಘದ ಬಂಧುಗಳೇ, ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದೀರಿ. ಅಧ್ಯಕ್ಷರ ಕೈಯಲ್ಲಿ ಕ್ರೋನೋಗ್ರಾಫ್ ಇದೆ, ಗುಂಡಿ ಒತ್ತಿ ಸೆಕೆಂಡು ಅಳೆಯುವ ಕೈಗಡಿಯಾರ. ದಯವಿಟ್ಟು ಮೇಲಿನ ಗುಂಡಿ ಒತ್ತಿ, ಮುಳ್ಳು ಓಡಲಿ. ಹೋದ ವರ್ಷ ನಾನೇ ಸರ್ವಿಸ್ ಮಾಡಿದ ಗಡಿಯಾರ ಅದು, ನನಗೂ ಮುಲಾಜು ತೋರಿಸುವುದಿಲ್ಲ.

ಹಳೆಯದು ಒಳ್ಳೆಯದೋ ಹೊಸದೋ ಎಂದು ಎಲ್ಲರೂ ಕೇಳುತ್ತಾರೆ. ಕೈ ಅಲುಗಾಡಿದಂತೆ ತಾನೇ ಕೀಲಿ ತುಂಬಿಕೊಳ್ಳುವ ಹೊಸ ಆಟೋಮ್ಯಾಟಿಕ್ ನೀರಿಗೆ, ಏಟಿಗೆ ಜಗ್ಗುವುದಿಲ್ಲ. ಹಳೆಯದು ಗುಂಡಿ ಒತ್ತಿದರೆ ಒಮ್ಮೆ ತಡವರಿಸಿ ಆಮೇಲೆ ಓಡುತ್ತದೆ, ನಾನು ಕುರ್ಚಿಯಿಂದ ಎದ್ದ ಹಾಗೆ. ಆದರೆ ಐದಾರು ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ಸೂಜಿಮೊನೆಯಷ್ಟು ಎಣ್ಣೆ ಹಾಕದಿದ್ದರೆ ಎರಡೂ ಕೈಕೊಡುತ್ತವೆ. ಎಣ್ಣೆ ಹೆಚ್ಚಾದರೂ ಕಷ್ಟವೇ. ಒಬ್ಬರು ಬಂದು, "ಕೈಗೆ ಕಟ್ಟಿದ್ರೆ ತಾನೇ ಕೀಲಿ ತುಂಬ್ಕೊಳತ್ತೆ ಅಂದ್ರಿ, ನಿಂತೇ ಹೋಯ್ತಲ್ಲ" ಎಂದರು. ದಿನವಿಡೀ ಸೋಫಾ ಬಿಟ್ಟು ಏಳದ ಮಹಾನುಭಾವರು. "ಸರ್ವಿಸ್ ಬೇಕಾಗಿರೋದು ಗಡಿಯಾರಕ್ಕಲ್ಲ ಸ್ವಾಮಿ" ಎಂದೆ.

ಇಂದು ನನಗೆ ಸನ್ಮಾನವೇಕೆ? ಮೂವತ್ತೆಂಟು ವರ್ಷಗಳಲ್ಲಿ ನನ್ನ ಮೇಜಿನಿಂದ ಹೋದ ಒಂದು ಕ್ರೋನೋಗ್ರಾಫೂ ದೂರು ಹೊತ್ತು ವಾಪಸ್ ಬಂದಿಲ್ಲವಂತೆ. ನಾನೂ ಎದೆಯುಬ್ಬಿಸಿಕೊಂಡೇ ಓಡಾಡಿದ್ದೇನೆ, ಸುಳ್ಳೇಕೆ ಹೇಳಲಿ?

ಸರ್ವಿಸ್ ಆದ ಮೇಲೆ ಹಿಂಬದಿ ಮುಚ್ಚಳದ ಒಳಗೆ ತಾರೀಖು ಗೀಚುವುದು ನಮ್ಮ ಕಸುಬಿನ ರೂಢಿ. ಕಳೆದ ತಿಂಗಳು, ಅವಧಿ ಮುಗಿದು ಮತ್ತೆ ಸರ್ವಿಸ್‌ಗೆ ಬಂದ ಗಡಿಯಾರವೊಂದನ್ನು ತೆರೆದೆ. ನನ್ನ ತಾರೀಖಿನ ಪಕ್ಕ ಒಂದು ಚುಕ್ಕೆ. ನಾನಿಟ್ಟದ್ದಲ್ಲ. ಇನ್ನೊಂದು ತೆರೆದೆ, ಅದರಲ್ಲೂ ಚುಕ್ಕೆ. ಎದುರು ಮೇಜಿನಲ್ಲಿ ಗಡಿಯಾರಕ್ಕೆ ಪಟ್ಟಿ ಜೋಡಿಸುತ್ತಿದ್ದ ಹೆಂಡತಿಯನ್ನು ಕೇಳಿದೆ. ಅವಳಿಗೆ ಕಸುಬು ಕಲಿಸಿದ್ದು ನಾನೇ.

"ಆರು ವರ್ಷದಿಂದ ನಿಮ್ಮ ಕಣ್ಣು ಮಂಜಾಗಿದೆ ರೀ. ಎಣ್ಣೆ ಜಾಸ್ತಿ ಬೀಳ್ತಿತ್ತು. ನೀವು ಮಧ್ಯಾಹ್ನ ಮಲಗಿದಾಗ ಬಿಚ್ಚಿ, ಒರೆಸಿ, ಮತ್ತೆ ಹಾಕ್ತಿದ್ದೆ."

ನನ್ನ ಮಧ್ಯಾಹ್ನದ ನಿದ್ದೆ ಎಷ್ಟು ದೀರ್ಘವೆಂದು ಈ ಸಭೆಗೇ ಗೊತ್ತು.

"ಮತ್ತೆ ಈ ಚುಕ್ಕೆ?"

"ವಾಪಸ್ ಬಂದ್ರೆ ತಪ್ಪು ನಂದು ಅಂತ ಗೊತ್ತಾಗ್ಬೇಕಲ್ಲ."

ಮೊದಲು ಕೋಪ ಬಂತು. ಆಮೇಲೆ ನಾಚಿಕೆ. ಅದಾದ ಮೇಲೆ ಬಂದ ಸಂತೋಷ ಇವತ್ತಿಗೂ ಇಳಿದಿಲ್ಲ. ಮೂರನೇ ಸಾಲಿನಲ್ಲಿ ಕೂತು "ಸಾಕು, ಇಳೀರಿ" ಎಂದು ಕೈಸನ್ನೆ ಮಾಡುತ್ತಿದ್ದಾಳೆ, ನೋಡಿ. ಸಂಘಟಕರೇ, ಈ ಸನ್ಮಾನ ಫಲಕ ಅವಳ ಕೈಗೆ ಹೋಗಲಿ. ನಾಳೆಯಿಂದ ಮುಚ್ಚಳದಲ್ಲಿ ತಾರೀಖು ಗೀಚುವವಳು ಅವಳು. ಪಕ್ಕದಲ್ಲಿ ಚುಕ್ಕೆ ಇಡುವವನು ನಾನು. ವಾಪಸ್ ಬಂದರೆ ತಪ್ಪು ನನ್ನದು.

ಅಧ್ಯಕ್ಷರೇ, ಗುಂಡಿ ಒತ್ತಿ ನಿಲ್ಲಿಸಿ. ಅದು ಎಷ್ಟು ತೋರಿಸಿದರೂ ನಂಬಿ, ಅದರಲ್ಲೂ ಅವಳ ಚುಕ್ಕೆ ಇದೆ. ಕೇಳಿಸಿಕೊಂಡ ನಿಮಗೆಲ್ಲ ಕೃತಜ್ಞತೆಗಳು, ನಮ್ಮಿಬ್ಬರ ನಮಸ್ಕಾರ.