ಉಸಿರಿಗೆ ಜಾಗವಿಲ್ಲದ ಸಂಗೀತ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಗಿಟಾರ್ ವಾದಕ, ಪಕ್ಕದಲ್ಲಿ ಅವನ ಅಕ್ಕ. ದೊಡ್ಡ ವಾದ್ಯವೃಂದಕ್ಕೆಂದು ಅವನು ಮೊದಲ ಸಲ ಬರೆದ ಸಂಗೀತದ ತಾಲೀಮು ಮುಗಿಸಿ ಬರುತ್ತಿದ್ದರು.

“ಹೊರಗೆ ಕೂತಿದ್ದ ನನಗೂ ನಗು ಕೇಳಿಸ್ತು. ಎಲ್ಲರೂ ನಕ್ಕಿದ್ದು ಯಾಕೋ?”

“ಫ್ಲೂಟಿನವನು ಅರ್ಧಕ್ಕೇ ನಿಲ್ಲಿಸಿ, ‘ನಾನು ಉಸಿರಾಡೋದು ಯಾವಾಗ ಸ್ವಾಮಿ?’ ಅಂದ. ಗಿಟಾರಿಗೆ ಉಸಿರು ಬೇಡವಲ್ಲಕ್ಕಾ, ನನಗೆ ಹೊಳೀಲೇ ಇಲ್ಲ.”

“ಅಷ್ಟೇ ತಾನೆ? ತಿದ್ದಿದ್ರೆ ಆಯ್ತು.”

“ವಾದ್ಯವೃಂದದ ನಿರ್ದೇಶಕರೇ ತಿದ್ದಿದ್ರು. ಉಸಿರು ತಗೊಳ್ಳೋಕೆ ಅಂತ ನಾಲ್ಕು ಕಡೆ ಪೆನ್ಸಿಲಲ್ಲಿ ಗೀಟು ಹಾಕಿದ್ರು.”

“ಪುಣ್ಯಾತ್ಮ.”

“ಹೂಂ. ಈಗ ಪೋಸ್ಟರಲ್ಲಿ ‘ಸಂಗೀತ’ ಅಂತ ಅವರ ಹೆಸರೇ ಬರುತ್ತಂತೆ. ನನ್ನದು ಕೆಳಗೆ, ‘ಸಹಕಾರ’.”

“ನೀನೇನು ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?”

“ಕೇಳಿದೆ. ‘ಬೇಡವಾದ್ರೆ ಹಾಳೆ ತಗೊಂಡು ಹೋಗು, ಮನೇಲಿ ಒಬ್ಬನೇ ನುಡಿಸ್ಕೋ’ ಅಂದ್ರು.”

“ತಗೊಂಡು ಬರೋದಲ್ವೇನೋ.”

“ನಲವತ್ತು ಜನ ಅದನ್ನ ನುಡಿಸಿದ್ದು ಕಿವಿಯಾರೆ ಕೇಳಿಬಿಟ್ಟೆನಲ್ಲಕ್ಕಾ. ಹೇಗೆ ತರಲಿ?”

ಆ ನಿರ್ದೇಶಕನ ಕೊರಳಪಟ್ಟಿ ಹಿಡಿಯುವಷ್ಟು ಸಿಟ್ಟು ಬಂತು ನನಗೆ.

“ಅಪ್ಪ ಸಿಕ್ಕಸಿಕ್ಕವರಿಗೆಲ್ಲ ಹೇಳ್ಕೊಂಡು ಬಂದಿದಾರೆ, ಮಗನ ಕಾರ್ಯಕ್ರಮ ಅಂತ.”

“ಬರಲಿ. ಕಾರ್ಯಕ್ರಮದಲ್ಲಿ ಗಿಟಾರ್ ಬೇಡ ಅಂದಿದಾರೆ ನಿರ್ದೇಶಕರು. ನಾನೂ ಅಪ್ಪನ ಪಕ್ಕದಲ್ಲೇ ಕೂತ್ಕೊಂಡು ಚಪ್ಪಾಳೆ ಹೊಡೀತೀನಿ.”

ಅವರ ಸ್ಟಾಪು ಬಂತು. ಅಕ್ಕ ಗಿಟಾರನ್ನು ತನ್ನ ಹೆಗಲಿಗೇರಿಸಿಕೊಂಡು ಇಳಿದಳು. ಅವನು ಬರಿಗೈಯಲ್ಲಿ ಹಿಂದೆ ಹೋದ.