ನೀಲಮ್ಮನ ಮಾತಿಗಾಗಿ ಕಟ್ಟಿದ ಕಂಪ್ಯೂಟರು

ಶರಣ ಬಂಧುಗಳೇ, ‘ಆಮೇಲೆ ಬರ್ತೀನಿ’ ಅನ್ನುತ್ತೇವಲ್ಲ, ಆ ಮಾತಿನ ವಿಷಯಕ್ಕೆ ಒಂದು ದೃಷ್ಟಾಂತ ಕೇಳಿ.

ಒಂದು ಪೇಟೆಯಲ್ಲಿ ಎಣ್ಣೆ ಗಿರಣಿಯ ಧಣಿಯೊಬ್ಬ, ಶ್ರೀಮಂತ. ವೀರಭದ್ರಪ್ಪ ಅಂತ ಇಟ್ಟುಕೊಳ್ಳಿ. ಗಿರಣಿಯ ಯಂತ್ರ ಕೆಟ್ಟರೆ ಯಾರನ್ನೂ ಕರೆಸಿದವನಲ್ಲ. ಅಂಗಿಯ ತೋಳು ಮಡಚಿ ತಾನೇ ಬಿಚ್ಚಿ ಸರಿ ಮಾಡುವವನು. ಅದೇ ಅವನ ಹೆಮ್ಮೆ.

ಅವನ ಹೆಂಡತಿ ನೀಲಮ್ಮನಿಗೆ ನರಗಳ ರೋಗ ಬಂತು. ಮೊದಲು ಕೈ ಹೋಯಿತು, ಆಮೇಲೆ ಕಾಲು, ಕೊನೆಗೆ ನಾಲಿಗೆ. ಉಳಿದದ್ದು ಕಣ್ಣು ಮಾತ್ರ. ನೋಡಿ, ಬುದ್ಧಿ ಚುರುಕಾಗಿಯೇ ಇದೆ, ಹೇಳುವ ಮಾತು ಒಳಗೆ ತುಂಬಿದೆ, ಹೊರಬರಲು ದಾರಿಯಿಲ್ಲ. ಎಂಥ ಸೆರೆ ಅದು!

ಡಾಕ್ಟರು ಒಂದು ಉಪಾಯ ಹೇಳಿದರು. ಕಣ್ಣು ಹೊರಳಿಸಿ ಅಕ್ಷರ ಆರಿಸಿದರೆ ಕಂಪ್ಯೂಟರು ಅದನ್ನು ಗಟ್ಟಿಯಾಗಿ ಓದಿ ಹೇಳುತ್ತದಂತೆ. ವೀರಭದ್ರಪ್ಪ ಬಿಡಿಭಾಗಗಳನ್ನೇ ತರಿಸಿದ. ಪಕ್ಕದ ಕೋಣೆಯಲ್ಲಿ ಕೂತು ತಾನೇ ಜೋಡಿಸಿದ. ಗುಂಡಿ ಒತ್ತಿದ. ದೀಪವಿಲ್ಲ, ಫ್ಯಾನಿನ ಸದ್ದಿಲ್ಲ. ಹೆಣದ ಹಾಗೆ ಬಿದ್ದಿತ್ತು.

ವೈರು ಬದಲಿಸಿದ. ಪವರ್ ಸಪ್ಲೈ ಕೆಟ್ಟದ್ದು ಬಂದಿದೆ ಎಂದು ಬೈದು ಹೊಸದು ತರಿಸಿದ. ಒಳಗಿನ ಮುಖ್ಯ ಹಲಗೆ, ಆ ಮದರ್‌ಬೋರ್ಡೇ ದೋಷದ್ದು ಎಂದ, ಅದನ್ನೂ ಬದಲಿಸಿದ. ಜಗತ್ತಿನವರೆಲ್ಲ ಮೋಸಗಾರರು, ತನ್ನ ಕೈ ಮಾತ್ರ ತಪ್ಪು ಮಾಡುವುದಿಲ್ಲ!

ಮಗಳು ಸುವರ್ಣಾ ಬಂದು ಹೇಳಿದಳು: “ಅಪ್ಪಾ, ಸಾಮಾನು ಕೊಟ್ಟ ಅಂಗಡಿಯವರನ್ನ ಕರಸೂಣು. ಒಮ್ಮೆ ನೋಡ್ಲಿ.”

“ನಾ ಕಟ್ಟೀನಿ, ನಾನ ನಡಸ್ತೀನಿ. ಹೊರಗಿನವರ ಕೈ ಇದಕ್ಕ ಬ್ಯಾಡ.”

ಸುವರ್ಣಾ ಸುಮ್ಮನೆ ಕೂರಲಿಲ್ಲ. ಒಂದು ರಟ್ಟಿನ ಮೇಲೆ ವರ್ಣಮಾಲೆ ಬರೆದು ತಾಯಿಯ ಮುಂದೆ ಹಿಡಿದಳು. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟಳು. ಬೇಕಾದ ಅಕ್ಷರ ಬಂದಾಗ ನೀಲಮ್ಮ ಕಣ್ಣು ಮುಚ್ಚುತ್ತಿದ್ದಳು. ಬಹಳ ಹೊತ್ತಿನ ಮೇಲೆ ಒಂದು ಮಾತಾಯಿತು: ನಿಮ್ಮಪ್ಪನ್ನ ಕರಿ, ಅವರಿಗಷ್ಟ ಹೇಳಬೇಕು.

ಮಗಳು ಓಡಿದಳು. “ಅಪ್ಪಾ, ಅವ್ವ ಕರಿಯಾಕತ್ತಾಳ. ಏನೋ ಹೇಳಬೇಕಂತ, ನಿಮಗಷ್ಟ ಅಂತ. ಬರ್ರಿ.”

ಅವನು ತಲೆ ಎತ್ತಲಿಲ್ಲ. “ಆಮ್ಯಾಲ ಬರ್ತೀನಿ ಅನ್ನು. ಇದೊಂದು ಚಾಲೂ ಆಗ್ಲಿ, ಬಾಯ್ತುಂಬ ಮಾತಾಡೂಣು.”

ಮಾರನೆಯ ದಿನವೂ ಮಗಳು ಬಂದು ಕರೆದಳು. ಆಗಲೂ ಅದೇ ಉತ್ತರ. ನಡುವೆ ಇದ್ದದ್ದು ಎಷ್ಟು ದೂರ ಹೇಳಿ? ಒಂದು ಗೋಡೆ. ಆ ಗೋಡೆಯ ಆಚೆ ಹೆಂಡತಿ ಬಾಗಿಲ ಕಡೆ ಕಣ್ಣು ನೆಟ್ಟು ಕಾಯುತ್ತಿದ್ದಳು. ಈಚೆ ಗಂಡ ಅವಳಿಗಾಗಿಯೇ ದುಡಿಯುತ್ತಿದ್ದ. ಅವಳಿಗಾಗಿಯೇ! ಅದರಲ್ಲಿ ಸುಳ್ಳಿಲ್ಲ.

ಒಂದು ಮಧ್ಯಾಹ್ನ ಸುವರ್ಣಾ ಚೀರಿದಳು. ಅವನು ಸ್ಕ್ರೂಡ್ರೈವರ್ ಹಿಡಿದೇ ಓಡಿಬಂದ. ನೀಲಮ್ಮನ ಉಸಿರು ನಿಂತಿತ್ತು. ಕಣ್ಣು ಬಾಗಿಲ ಕಡೆಗೇ ಇತ್ತು.

ಮಣ್ಣು ಮಾಡಿ ಬಂದ ಕೆಲವು ದಿನಗಳ ಮೇಲೆ, ಆ ಕಂಪ್ಯೂಟರನ್ನು ಬಿಚ್ಚಿ ಎಸೆಯಲು ಕೂತ. ಮದರ್‌ಬೋರ್ಡು ಎತ್ತಿದರೆ ಅಡಿಯಲ್ಲಿ, ಬೋರ್ಡು ಪೆಟ್ಟಿಗೆಗೆ ತಾಗದಂತೆ ಎತ್ತಿ ಹಿಡಿಯುವ ಹಿತ್ತಾಳೆಯ ಸಣ್ಣ ಗೂಟವೊಂದು ಕಂಡಿತು. ಇರಬಾರದ ಜಾಗದಲ್ಲಿದ್ದ ಗೂಟ. ಅದು ಬೋರ್ಡಿಗೆ ತಾಗಿ ಶಾರ್ಟ್ ಸರ್ಕ್ಯೂಟ್ ಆಗುತ್ತಿತ್ತು. ಪೆಟ್ಟಿಗೆಗೆ ಅದನ್ನು ತಿರುಗಿಸಿ ಕೂರಿಸಿದವನು ಯಾರು? ಅವನೇ. ಬೇರೆಯವರದೆಲ್ಲ ಬದಲಿಸಿದ, ತಾನು ಕೂರಿಸಿದ್ದನ್ನು ಮಾತ್ರ ನೋಡಿರಲಿಲ್ಲ.

ಗೂಟ ತೆಗೆದು ಮತ್ತೆ ಜೋಡಿಸಿ ಗುಂಡಿ ಒತ್ತಿದ. ದೀಪ ಬಂತು, ಫ್ಯಾನು ತಿರುಗಿತು, ಪರದೆ ಬೆಳಗಿತು.

ಬಾಗಿಲಲ್ಲಿ ನಿಂತ ಮಗಳು ಕೇಳಿದಳು: “ಈಗ ಇದರಾಗ ಯಾರು ಮಾತಾಡಬೇಕ್ರೀ, ಅಪ್ಪಾ?”

ನೀಲಮ್ಮ ಏನು ಹೇಳಬೇಕೆಂದಿದ್ದಳು? ನನ್ನನ್ನು ಕೇಳಬೇಡಿ. ಯಾರಿಗೂ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ.

ಅಪ್ಪಗಳಿರಾ, ಅವ್ವಗಳಿರಾ, ಅವನನ್ನು ಕೆಟ್ಟವನು ಅನ್ನುತ್ತೀರಾ? ನಮ್ಮ ಮನೆಗಳಲ್ಲಿ ಏನು ನಡೆದಿದೆ? ಮಕ್ಕಳಿಗಾಗಿ ದುಡಿಯುತ್ತೇವೆ, ಮಕ್ಕಳು ಕರೆದರೆ ಗದರುತ್ತೇವೆ. ಕೆಲಸ ಕೆಟ್ಟರೆ ಊರನ್ನೆಲ್ಲ ಬೈಯುತ್ತೇವೆ, ನಮ್ಮ ಕೈ ನೋಡಿಕೊಳ್ಳುವುದಿಲ್ಲ. ಇವತ್ತಿನಿಂದ ಇದು ಬದಲಾಗಬೇಕು. ಕೈಲಾಗದಿದ್ದರೆ ‘ನನಗೆ ತಿಳಿಯುತ್ತಿಲ್ಲ, ಬಂದು ನೋಡಿ’ ಎಂದು ಬಾಯಿಬಿಟ್ಟು ಕೇಳಿ. ಮನೆಯವರು ಕರೆದರೆ ಮೊದಲ ಕೂಗಿಗೇ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಏಳಿ. ಹಾಸಿಗೆ ಹಿಡಿದವರಿದ್ದರೆ ಮಾತ್ರೆ ಕೊಟ್ಟು ತಿರುಗಬೇಡಿ. ಮಂಚದ ಅಂಚಿಗೆ ಕೂತು, ‘ಏನು ಹೇಳಬೇಕಾಗಿದೆ?’ ಎಂದು ಕೇಳಿ. ಉತ್ತರ ಬರುವ ತನಕ ಅಲ್ಲಿಂದ ಏಳಬೇಡಿ.