ಕೆಂಪು ದಾರ ಕಟ್ಟಿದ ಹಗ್ಗ

ಇಷ್ಟು ಹೊತ್ತು ನಂಬಿಕೆ ದೊಡ್ಡದು ಎಂದು ಹೇಳಿದೆ, ನೀವೂ ತಲೆ ಆಡಿಸಿದಿರಿ. ಈಗ ಅದೇ ನಂಬಿಕೆ ಒಬ್ಬನ ಪ್ರಾಣ ತೆಗೆದ ಕಥೆ ಹೇಳುತ್ತೇನೆ. ನೀವೆಲ್ಲ ಪೇಟೆ ಬೀದಿಯ ವ್ಯಾಪಾರಸ್ಥರು. ಕೊಳ್ಳುವುದು, ಮಾರುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಆದರೂ ಕೇಳಿ. ಹಿಂದೆ ಕೂತವರೂ ಕೇಳಿ, ಗಡಿಯಾರವನ್ನು ಆಮೇಲೆ ನೋಡಬಹುದು.

ಒಂದು ಊರು. ಅಲ್ಲೊಬ್ಬ ಅನುಕೂಲಸ್ಥ ಗುತ್ತಿಗೆದಾರ. ಎತ್ತರದ ಕಟ್ಟಡಗಳಿಗೆ ಬಣ್ಣ ಹೊಡೆಸುವುದು ಅವನ ಕಸುಬು. ಮೇಲಿನಿಂದ ಎರಡು ಹಗ್ಗ ಇಳಿಬಿಟ್ಟು ಹಲಗೆ ಕಟ್ಟುತ್ತಾರೆ, ಆಳು ಆ ಹಲಗೆಯ ಮೇಲೆ ಕೂತು ಗೋಡೆಗೆ ಬಣ್ಣ ಬಳಿಯುತ್ತಾನೆ. ನೋಡಿ, ಅವನಿಗೂ ನೆಲಕ್ಕೂ ನಡುವೆ ಏನಿದೆ? ಹಗ್ಗ. ಹಗ್ಗ ಬಿಟ್ಟರೆ ಏನೂ ಇಲ್ಲ.

ಆ ಹಗ್ಗ ಬರುತ್ತಿದ್ದದ್ದು ಒಂದೇ ಮನೆಯಿಂದ. ಪಕ್ಕದೂರಿನಲ್ಲಿ ಕತ್ತಾಳೆ ನಾರಿನ ಹಗ್ಗ ಹೊಸೆಯುವ ಒಬ್ಬ ಯಜಮಾನ. ಪ್ರತಿ ಆಯುಧಪೂಜೆಗೂ ವರ್ಷಕ್ಕೆ ಬೇಕಾದ ಹಗ್ಗವೆಲ್ಲ ಅವನಿಂದಲೇ. ಒಂದೊಂದು ಸುರುಳಿಗೂ ಕೆಂಪು ದಾರದ ಗಂಟು, ಅದು ಆ ಮನೆಯ ಗುರುತು. ಹಗ್ಗ ತಂದ ಗಾಡಿಯವನ ಕೈಯಲ್ಲಿ ಗುತ್ತಿಗೆದಾರ ವೀಳ್ಯ ಕೊಟ್ಟು ಕಳಿಸಿ, ಮುಂದಿನ ವರ್ಷವೂ ನಿಮ್ಮದೇ ಎಂದು ಹೇಳಿಸುವುದು ತಂದೆಯ ಕಾಲದ ಪದ್ಧತಿ. ತಂದೆಯ ಕಾಲದಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಪೂಜೆಗೆ ಮೊದಲು ಪ್ರತಿ ಹಗ್ಗಕ್ಕೂ ಮೂರು ಮೂಟೆ ಮರಳು ಕಟ್ಟಿ ಒಂದು ಹಗಲು ತೂಗುಬಿಡುತ್ತಿದ್ದರು. ಮಗ ವೀಳ್ಯವನ್ನು ಉಳಿಸಿಕೊಂಡ, ಮೂಟೆಯನ್ನು ಬಿಟ್ಟ. ಸುಲಭವಾದದ್ದು ಉಳಿಯುತ್ತದೆ, ನಮ್ಮೆಲ್ಲರ ಮನೆಯಲ್ಲೂ ಅಷ್ಟೇ.

ಅವನ ಉಗ್ರಾಣ ನೋಡಿಕೊಳ್ಳುತ್ತಿದ್ದ ಹೆಂಗಸು ಒಮ್ಮೆ ಹೇಳಿದಳು: "ಅಣ್ಣಾವ್ರೆ, ಮೊದ್ಲಿನ್ ಥರ ಮೂಟೆ ಕಟ್ಟಿ ನೋಡೋಣ. ಯಜಮಾನ್ರಿಗೂ ವಯಸ್ಸಾಯ್ತು. ಇನ್ನೊಂದ್ ಕಡೆಯಿಂದ್ಲೂ ಸ್ವಲ್ಪ ತರಿಸಿಟ್ಕೊಂಡ್ರೆ ಒಳ್ಳೇದು."

"ವೀಳ್ಯ ಕೊಟ್ಮೇಲೆ ಪರೀಕ್ಷೆ ಮಾಡೋದು ಅವ್ರ ಮುಖಕ್ಕೆ ಹೊಡ್ದಂಗೆ ಕಣಮ್ಮ. ಕೆಂಪು ದಾರ ಇದ್ಯಲ್ಲ, ಸಾಕು."

ಸಾಕು ಎಂದ. ದಾರ ನೋಡಿದ, ಸಾಕು ಎಂದ. ಹಗ್ಗವನ್ನು ನೋಡಿದನೇ?

ಈ ಕಥೆಯಲ್ಲಿ ಉಳಿದವರಿಗೆ ಹೆಸರು ಬೇಡ. ಒಬ್ಬನಿಗೆ ಮಾತ್ರ ಬೇಕು. ಅವನು ಚೌಡಪ್ಪ, ಹಲಗೆಯ ಮೇಲೆ ಕೂರುತ್ತಿದ್ದವನು. ಒಂದು ಮಧ್ಯಾಹ್ನ ಐದನೇ ಮಹಡಿಯ ಕಿಟಕಿಗೆ ಬಣ್ಣ ಬಳಿಯುತ್ತಿದ್ದಾಗ ಹೊಸ ಹಗ್ಗ ಕಿತ್ತುಹೋಯಿತು. ಚೌಡಪ್ಪ ಬಿದ್ದ. ಆಸ್ಪತ್ರೆಗೆ ಒಯ್ಯುವ ಅಗತ್ಯವೂ ಬರಲಿಲ್ಲ.

ಅವನ ಹೆಂಡತಿ ಬಂದಳು. ಅಳಲಿಲ್ಲ. ಹಗ್ಗದ ತುದಿಯನ್ನು ಕೈಯಲ್ಲಿ ಹಿಡಿದು ಗುತ್ತಿಗೆದಾರನನ್ನು ಕೇಳಿದಳು: "ಸ್ವಾಮಿ, ಇದನ್ನ ಯಾರು ಹೊಸ್ದಿದ್ದು?"

ಅವನಿಗೆ ಉತ್ತರ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದ. ಅಂದೇ ಪಕ್ಕದೂರಿಗೆ ಹೋದ. ಇಷ್ಟು ವರ್ಷದಲ್ಲಿ ಆ ಮನೆಯ ಹೊಸ್ತಿಲು ತುಳಿದದ್ದು ಅದೇ ಮೊದಲು. ಹಗ್ಗ ಹೊಸೆಯುವ ಚಕ್ರದ ಮೇಲೆ ಕೋಳಿ ಕೂತಿತ್ತು. ಯಜಮಾನ ಜಗಲಿಯ ಮೇಲಿದ್ದ, ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

"ಲಕ್ವ ಹೊಡ್ದು ಮೂರ್ ವರ್ಷ ಆಯ್ತಪ್ಪ. ಸಂತೇಲಿ ಒಬ್ಬನ ಹತ್ರ ಹಗ್ಗ ತಗೊಂಡು ದಾರ ಕಟ್ಟಿ ಕಳಿಸ್ತಿದ್ದೆ. ನೀನು ಕಳಿಸಿದ್ ವೀಳ್ಯ ಇಸ್ಕೊಂಡು, ನನ್ ಕೈಲಿ ಆಗಲ್ಲ ಅಂತ ಹೆಂಗೆ ಹೇಳ್ಲಿ?"

"ಅವ್ನು ಎಲ್ಲಿಂದ ತರ್ತಿದ್ದ?"

"ನಾನು ಕೇಳ್ಲಿಲ್ಲ." ಯಜಮಾನ ತಲೆ ಎತ್ತಿ ಅವನನ್ನು ನೋಡಿ ಹೇಳಿದ: "ನೀನೂ ಕೇಳ್ಲಿಲ್ಲ."

ಚೌಡಪ್ಪನ ಹೆಂಡತಿಗೆ ಇಂದಿಗೂ ಉತ್ತರ ಸಿಕ್ಕಿಲ್ಲ. ಅವಳ ಬೀದಿಯಲ್ಲಿ ಗುತ್ತಿಗೆದಾರ ಮತ್ತೆ ಕಾಲಿಡಲಿಲ್ಲ.

ಈಗ ಹೇಳಿ, ಇವರಲ್ಲಿ ಕೆಟ್ಟವರು ಯಾರು? ಒಬ್ಬ ಮರ್ಯಾದೆಗೆ ಅಂಜಿ ಕೇಳಲಿಲ್ಲ, ಇನ್ನೊಬ್ಬ ಮರ್ಯಾದೆಗೆ ಅಂಜಿ ಹೇಳಲಿಲ್ಲ. ಇಬ್ಬರ ಮರ್ಯಾದೆಯೂ ಉಳಿಯಿತು, ಚೌಡಪ್ಪ ಉಳಿಯಲಿಲ್ಲ. ನನಗೆ ಈ ಕಥೆ ಹೇಳುವಾಗಲೆಲ್ಲ ಸಂಕಟವಾಗುತ್ತದೆ. ಹೇಳದೆ ಇರಲಾರೆ, ಯಾಕೆಂದರೆ ಈ ಬೀದಿಯ ಒಂದೊಂದು ಅಂಗಡಿಯಲ್ಲೂ ಒಂದೊಂದು ಕೆಂಪು ದಾರ ಕಾಣುತ್ತಿದೆ. ಎಣ್ಣೆ ಅವರದೇ, ಔಷಧಿ ಅವರದೇ, ನಮ್ಮಪ್ಪನ ಕಾಲದಿಂದಲೂ ಅವರದೇ ಎನ್ನುತ್ತೀರಿ. ಅವರ ಮನೆಗೆ ಹೋಗಿ ಎಷ್ಟು ವರ್ಷವಾಯಿತು?

ಆಯುಧಪೂಜೆಗೆ ಇನ್ನು ಹನ್ನೊಂದು ದಿನವಿದೆ. ಅಷ್ಟರೊಳಗೆ ನಿಮಗೆ ಸರಕು ಕೊಡುವವರ ಜಗಲಿಗೆ ಹೋಗಿ. ಒಂದು ಲೋಟ ನೀರು ಕೇಳಿ, ಕುಡಿಯುತ್ತಾ ಅವರ ಕೈ ನೋಡಿ. ನಿಮ್ಮಿಂದ ಆಗುತ್ತಿದೆಯೇ, ಆಗದಿದ್ದರೆ ಎಲ್ಲಿಂದ ತರುತ್ತಿದ್ದೀರಿ ಎಂದು ಕೇಳಿ. ಆಗುತ್ತಿಲ್ಲ ಎಂದರೆ ಮುನಿಸಿಕೊಳ್ಳಬೇಡಿ, ನಿಜ ಹೇಳಿದವರಿಗೇ ವೀಳ್ಯ ಕೊಡಿ. ಇನ್ನೊಂದು ಮನೆಯ ಬಾಗಿಲನ್ನೂ ತಿಳಿದಿಟ್ಟುಕೊಳ್ಳಿ, ಅದು ದ್ರೋಹವಲ್ಲ. ಸರಕು ಕೊಡುವವರೂ ಇಲ್ಲಿ ಕೂತಿದ್ದೀರಿ, ನಾಚಿಕೆ ಬಿಟ್ಟು ಬಾಯಿ ಬಿಡಿ.

ಪೂಜೆಯಲ್ಲಿ ಸರಕಿಗೆ ಕುಂಕುಮ ಹಚ್ಚುವ ಮೊದಲು ಗಂಟು ಬಿಚ್ಚಿ, ಮರಳಿನ ಮೂಟೆ ಕಟ್ಟಿ, ಒಂದು ಹಗಲು ಕಾದು ನೋಡಿ. ಬೀಳುವುದಿದ್ದರೆ ಮೂಟೆ ಬೀಳಲಿ.